ಕ್ಯಾಮೆರಾ ಮೇಲಿನ ಆ ಮೂರು ಪದ: ಜಪಾನಾ, ಥೈಲ್ಯಾಂಡಾ, ಜರ್ಮನಿಯಾ?

ಮೇ ತಿಂಗಳ ಕೊನೆಯಲ್ಲಿ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ. ಸೆಕೆಂಡ್ ಹ್ಯಾಂಡ್ ನಿಕಾನ್ ಜೆಡ್6 ಕ್ಯಾಮೆರಾ ಎರಡು ಸಿಕ್ಕಿವೆಯಂತೆ. ನೋಡಲು ಎರಡೂ ಒಂದೇ. ಒಂದರ ಮೇಲೆ 'ಮೇಡ್ ಇನ್ ಜಪಾನ್', ಇನ್ನೊಂದರ ಮೇಲೆ 'ಮೇಡ್ ಇನ್ ಥೈಲ್ಯಾಂಡ್'. ಜಪಾನಿನದಕ್ಕೆ ಆರು ಸಾವಿರ ಜಾಸ್ತಿ. "ಯಾವ್ದು ತಗೊಳ್ಲಿ ಮಾರಾಯ?" ಅಂದ.

"ಶಟರ್ ಕೌಂಟ್ ಎಷ್ಟಿದೆ?" ಅಂತ ಕೇಳಿದೆ.

ಕ್ಯಾಮೆರಾ ಇದುವರೆಗೆ ಎಷ್ಟು ಫೋಟೊ ತೆಗೆದಿದೆ ಅನ್ನುವ ಲೆಕ್ಕ ಅದು. ಅದನ್ನು ಅವನು ಕೇಳಿರಲೇ ಇಲ್ಲ. ಮಾರುವವನು ಜಪಾನ್ ಅಂದ ಕೂಡಲೇ ಇವನಿಗೆ ಉಳಿದ ಪ್ರಶ್ನೆಗಳೆಲ್ಲ ಮರೆತುಹೋಗಿದ್ದವು.

ಅವನನ್ನು ಬೈಯೋ ಹಾಗಿಲ್ಲ. ನಮ್ಮಲ್ಲಿ 'ಜಪಾನ್ ಮಾಲು' ಅಂದರೆ ಹೊಗಳಿಕೆ, 'ಚೈನಾ ಮಾಲು' ಅಂದರೆ ಬೈಗುಳ. ಟೇಪ್ ರೆಕಾರ್ಡರ್ ಕಾಲದಿಂದ ಬಂದ ಅಭ್ಯಾಸ ಅದು. ಸಂತೆಯಲ್ಲಿ ನೂರು ರೂಪಾಯಿಯ ಟಾರ್ಚ್ ಕೊಳ್ಳುವಾಗ ಈ ಲೆಕ್ಕ ನಡೆಯುತ್ತದೆ. ಒಂದು ಲಕ್ಷ, ಮೂರು ಲಕ್ಷ, ಎಂಟು ಲಕ್ಷದ ಕ್ಯಾಮೆರಾ ಕೊಳ್ಳುವಾಗ ಎಷ್ಟು ನಡೆಯುತ್ತದೆ ಅನ್ನೋದನ್ನು ನೋಡೋಣ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಫೋಟೊ ತೆಗೆಯೋಕೆ ಕೊಳ್ಳುವವರಿಗೆ ದೇಶದ ಹೆಸರು ಬಹುತೇಕ ಲೆಕ್ಕಕ್ಕಿಲ್ಲ. ಮುಂದೆ ಮಾರೋಕೆ, ಸಂಗ್ರಹಕ್ಕೆ ಕೊಳ್ಳುವವರಿಗೆ ಲೆಕ್ಕಕ್ಕಿದೆ.

ಆ ಅಕ್ಷರ ಹೇಳುವುದೇನು?

ಕೊನೆಯ ಜೋಡಣೆ ಎಲ್ಲಿ ಆಯಿತು ಅನ್ನೋದನ್ನು ಹೆಚ್ಚಾಗಿ ಹೇಳುತ್ತದೆ. ಅಷ್ಟೇ. ಒಳಗಿನ ಸಾಮಾನು ಎಲ್ಲಿಂದ ಬಂತು, ವಿನ್ಯಾಸ ಯಾರದು, ತಪಾಸಣೆ ಎಷ್ಟು ಬಿಗಿ, ಇದ್ಯಾವುದನ್ನೂ ಹೇಳುವುದಿಲ್ಲ.

ಹ್ಯಾಸೆಲ್‌ಬ್ಲಾಡ್ ಎಕ್ಸ್2ಡಿ ಕ್ಯಾಮೆರಾದ ಉದಾಹರಣೆ ತೆಗೆದುಕೊಳ್ಳಿ. ಸ್ವೀಡನ್ನಿನಲ್ಲಿ ಕೈಯಿಂದ ಜೋಡಿಸಿದ್ದು ಅಂತ ಕಂಪನಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಸುಳ್ಳೇನಲ್ಲ. ಆದರೆ ಒಳಗೆ ಬೆಳಕನ್ನು ಚಿತ್ರವಾಗಿಸುವ 100 ಮೆಗಾಪಿಕ್ಸೆಲ್ ಸೆನ್ಸರ್ ಸೋನಿಯದು. ಈ ಸರಣಿಯ ಲೆನ್ಸುಗಳಲ್ಲಿ ಜಪಾನಿನ ನಿಟ್ಟೋ ಕಂಪನಿ ಮಾಡಿಕೊಟ್ಟವು ಇವೆ. ಕಂಪನಿಯ ಹೆಚ್ಚಿನ ಪಾಲು 2017ರಿಂದ ಚೀನಾದ ಡ್ರೋನ್ ಕಂಪನಿ ಡಿಜೆಐ ಕೈಯಲ್ಲಿದೆ. ಈಗ ಹೇಳಿ, ಇದು ಯಾವ ದೇಶದ ಕ್ಯಾಮೆರಾ?

ಲೈಕಾ ಕಥೆ ಇನ್ನೂ ಸ್ವಾರಸ್ಯ. ಜರ್ಮನಿಯ ವೆಟ್ಜ್‌ಲರ್ ಊರಿನ ಕಂಪನಿ. ಆದರೆ 1973ರಿಂದಲೂ ಪೋರ್ಚುಗಲ್‌ನ ಫಮಾಲಿಕಾವೋ ಎಂಬಲ್ಲಿ ಅದಕ್ಕೊಂದು ಕಾರ್ಖಾನೆ ಇದೆ. ಎಷ್ಟೋ ಬಿಡಿಭಾಗ, ಅರ್ಧ ಜೋಡಿಸಿದ ಭಾಗಗಳು ಅಲ್ಲಿ ತಯಾರಾಗಿ ವೆಟ್ಜ್‌ಲರ್‌ಗೆ ಬರುತ್ತವೆ. ಕೊನೆಯ ಜೋಡಣೆ, ಹೊಂದಾಣಿಕೆ, ತಪಾಸಣೆ ಜರ್ಮನಿಯಲ್ಲಿ. ಹಾಗಾಗಿ 'ಮೇಡ್ ಇನ್ ಜರ್ಮನಿ'. ಕಾನೂನಿನ ಪ್ರಕಾರ ಇದು ಸರಿಯೇ. ಸ್ವಿಸ್ ವಾಚಿಗೆ ವೆಚ್ಚದ 60 ಶೇಕಡಾ ಸ್ವಿಟ್ಜರ್ಲೆಂಡಿನಲ್ಲೇ ಆಗಬೇಕು ಅನ್ನುವ ನಿಯಮ ಇದೆ. ಜರ್ಮನಿಯಲ್ಲಿ ಅಂಥ ಶೇಕಡಾವಾರು ಲೆಕ್ಕ ಇಲ್ಲ. ವಸ್ತುವಿಗೆ ಅದರ ಮುಖ್ಯ ಗುಣ ಕೊಡುವ ಕೆಲಸ ಅಲ್ಲಿ ನಡೆದಿರಬೇಕು, ಅಷ್ಟೇ.

ನಮಗೆ ಇದು ಅರ್ಥವಾಗದ ವಿಷಯವೇನಲ್ಲ. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಿಸಲು ಶುರು ಮಾಡಿದರು. ಆಮೇಲೆ ಕೋಲಾರದ ನರಸಾಪುರ. "ಇದು ಇಂಡಿಯಾದ್ದಾ, ಹೊರಗಿಂದಾ?" ಅಂತ ಅಂಗಡಿಯಲ್ಲಿ ಕೇಳಿ ಹೊರಗಿನದಕ್ಕೆ ಕಾಯುತ್ತಿದ್ದವರು ಆಗ ಇದ್ದರು. ನರಸಾಪುರದ ಹುಡುಗಿಯರು ಜೋಡಿಸಿದ ಫೋನಿನಲ್ಲಿ ಫೋಟೊ ಮಸುಕಾಗಿ ಬಂದ ಉದಾಹರಣೆ ನಾನಂತೂ ಕೇಳಿಲ್ಲ.

ಹಾಗಾದರೆ ಗುಣಮಟ್ಟ?

ಇಲ್ಲಿ ಸುಮ್ನೆ ಅಭಿಪ್ರಾಯ ಹೇಳುವುದಕ್ಕಿಂತ ಕೆಟ್ಟ ಕ್ಯಾಮೆರಾಗಳ ಕಥೆ ನೋಡೋಣ. ಒಳ್ಳೆಯ ಕ್ಯಾಮೆರಾ ಎಲ್ಲ ದೇಶದಲ್ಲೂ ಒಂದೇ ಥರ ಒಳ್ಳೆಯದಾಗಿರುತ್ತದೆ. ಕೆಟ್ಟದ್ದರಿಂದಲೇ ಕಲಿಯೋದು ಜಾಸ್ತಿ.

2012ರಲ್ಲಿ ನಿಕಾನ್ ಎರಡು ಮುಖ್ಯ ಕ್ಯಾಮೆರಾ ತಂದಿತು. ಡಿ600 ಥೈಲ್ಯಾಂಡಿನಲ್ಲಿ ಮಾಡಿದ್ದು. ಅದರ ಸೆನ್ಸರ್ ಮೇಲೆ ಎಣ್ಣೆ, ಧೂಳಿನ ಕಪ್ಪು ಚುಕ್ಕೆ ಕೂರುತ್ತಿತ್ತು. ಎಷ್ಟು ಒರೆಸಿದರೂ ಮತ್ತೆ ಬರುತ್ತಿತ್ತು. ಮರುವರ್ಷವೇ ಹೊಸ ಶಟರ್ ಹಾಕಿ ಡಿ610 ಬಿಟ್ಟರು. 2014ರಲ್ಲಿ ಹಳೆಯ ಗಿರಾಕಿಗಳಿಗೆ ಉಚಿತ ರಿಪೇರಿ ಘೋಷಿಸಿದರು. "ನೋಡಿದ್ರಾ, ಥೈಲ್ಯಾಂಡ್!" ಅಂದರು ಜನ. ಆದರೆ 2012ರ ಇನ್ನೊಂದು ಕ್ಯಾಮೆರಾ ಡಿ800 ಜಪಾನಿನ ಸೆಂಡಾಯ್ ಕಾರ್ಖಾನೆಯದು. ಅದರಲ್ಲಿ ಎಡಗಡೆಯ ಫೋಕಸ್ ಬಿಂದುಗಳು ತಪ್ಪುತ್ತಿವೆ ಅಂತ ಊರೆಲ್ಲ ದೂರು.

ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 3. ಇದೂ ಜಪಾನಿನದೇ. ಕತ್ತಲಲ್ಲಿ ಮೇಲಿನ ಪುಟ್ಟ ಡಿಸ್‌ಪ್ಲೇಯ ದೀಪ ಹಾಕಿದರೆ ಆ ಬೆಳಕು ಒಳಗೆ ಸೋರಿ ಎಕ್ಸ್‌ಪೋಶರ್ ಅಳತೆ, ಅಂದರೆ ಫೋಟೊಗೆ ಎಷ್ಟು ಬೆಳಕು ಬೇಕು ಅನ್ನುವ ಲೆಕ್ಕ, ತಪ್ಪುತ್ತಿತ್ತು. ಅದಕ್ಕೆ ಕಂಡುಕೊಂಡ ಪರಿಹಾರ ಏನು ಗೊತ್ತಾ? ಒಳಗೊಂದು ಕಪ್ಪು ಟೇಪ್ ಅಂಟಿಸಿದ್ದು! ನಮ್ಮೂರ ರೇಡಿಯೊ ರಿಪೇರಿಯವರೂ ಅದನ್ನೇ ಮಾಡುತ್ತಿದ್ದರು.

ಲೈಕಾ ಎಂ9 ಅಪ್ಪಟ ಜರ್ಮನ್. 2009ರಲ್ಲಿ ಬಂತು. ಸೆನ್ಸರ್ ಅಮೆರಿಕದ ಕೊಡಾಕ್‌ನದು. ಕೆಲವು ವರ್ಷ ಕಳೆದ ಮೇಲೆ ಸೆನ್ಸರಿನ ಮೇಲಿನ ಗಾಜು ತೇವಕ್ಕೆ ಕೊರೆದುಹೋಗತೊಡಗಿತು. ಫೋಟೊ ಮೇಲೆ ಸಣ್ಣ ಸಣ್ಣ ಕಲೆ. ಕಂಪನಿ ಸೆನ್ಸರ್ ಬದಲಿಸಿಕೊಟ್ಟಿತು ನಿಜ. ಆದರೆ ಬದಲಿ ಸೆನ್ಸರಿನ ದಾಸ್ತಾನು ಎಷ್ಟು ದಿನ ಇರುತ್ತದೆ? ಕೊನೆಗೆ ಅದೂ ಮುಗಿಯಿತು. ಇವತ್ತು ಸೆಕೆಂಡ್ ಹ್ಯಾಂಡ್ ಎಂ9 ಕೊಳ್ಳುವವರು ಮೊದಲು ಕೇಳಬೇಕಾದದ್ದು 'ಸೆನ್ಸರ್ ಬದಲಾಗಿದೆಯಾ' ಅಂತ. ಜರ್ಮನಿಯಲ್ಲಿ ಮಾಡಿದ್ದಾ ಅಂತ ಅಲ್ಲ.

ಥೈಲ್ಯಾಂಡ್, ಜಪಾನ್, ಜರ್ಮನಿ ಮೂರೂ ಆಯಿತಲ್ಲ. ಒಂದರಲ್ಲಿ ಶಟರ್ ತೊಂದರೆ, ಒಂದರಲ್ಲಿ ಬೆಳಕಿನ ಸೋರಿಕೆ, ಒಂದರಲ್ಲಿ ಗಾಜಿನ ಆಯ್ಕೆ ತಪ್ಪಿದ್ದು. ಎಂ9ರ ಗಾಜನ್ನು ಬೇರೆ ಯಾವ ದೇಶದಲ್ಲಿ ಕೂರಿಸಿದ್ದರೂ ಅದು ಕೊರೆದೇ ಹೋಗುತ್ತಿತ್ತು.

ಇನ್ನೊಂದು ಕಡೆ ನೋಡಿ. ನಿಕಾನ್‌ನ ದುಬಾರಿ ಜೆಡ್9 ಬಿಡುಗಡೆಯಾದಾಗ ಭಾರತದಲ್ಲಿ 4,75,995 ರೂಪಾಯಿ. ಅದು ಥೈಲ್ಯಾಂಡಿನ ಆಯುತ್ತಾಯ ಕಾರ್ಖಾನೆಯದು. ಸೆಂಡಾಯ್‌ನಲ್ಲಿ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ತಯಾರಿಸುವುದನ್ನೇ ನಿಲ್ಲಿಸಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದರು. 2024ರಲ್ಲಿ ಅದೇ ಜೆಡ್9 ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಚಂದ್ರನ ಮೇಲೆ ಬಳಸುವ ಮುಂದಿನ ಕ್ಯಾಮೆರಾಕ್ಕೂ ನಾಸಾ ಇದನ್ನೇ ಆರಿಸಿಕೊಂಡಿದೆ. ಬಾಹ್ಯಾಕಾಶಕ್ಕೆ ಆಗುವ ಥೈಲ್ಯಾಂಡ್ ನಮ್ಮ ಮದುವೆ ಛತ್ರಕ್ಕೆ ಆಗದೇ ಇರುತ್ತದಾ?

ದೇಶದ ಹೆಸರಿಗೆ ನಿಜಕ್ಕೂ ದುಡ್ಡು ಸಿಗುವ ಕಡೆ

ಹಳೆಯ ಕ್ಯಾಮೆರಾ ಸಂಗ್ರಹಿಸುವವರ ಲೋಕವೇ ಬೇರೆ. ಅಲ್ಲಿ ದೇಶಕ್ಕೆ ಬೆಲೆ ಇದೆ, ಆದರೆ ಆ ಬೆಲೆಗೆ ತರ್ಕ ಹುಡುಕಬೇಡಿ.

ರೋಲೈ 35 ಅಂತ ಅಂಗೈಯಲ್ಲಿ ಹಿಡಿಯುವ ಪುಟ್ಟ ಫಿಲ್ಮ್ ಕ್ಯಾಮೆರಾ ಇತ್ತು. 1966ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. 70ರ ದಶಕದ ಆರಂಭದಲ್ಲಿ ತಯಾರಿಕೆ ಸಿಂಗಾಪುರಕ್ಕೆ ಹೋಯಿತು. ಇವತ್ತಿಗೂ ಜರ್ಮನ್ ಪ್ರತಿಗೆ ಜಾಸ್ತಿ ಕೇಳುತ್ತಾರೆ. ಎರಡರಿಂದಲೂ ತೆಗೆದ ಫೋಟೊ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದು ಅಂತ ಹೇಳುವವರನ್ನು ನಾನು ನೋಡಿಲ್ಲ.

ಲೈಕಾದವರಿಗೆ ಕೆನಡಾದ ಮಿಡ್‌ಲೆಂಡ್‌ನಲ್ಲೂ ಒಂದು ಕಾರ್ಖಾನೆ ಇತ್ತು. 70ರ ದಶಕದಲ್ಲಿ ಜರ್ಮನಿಯಲ್ಲಿ ಎಂ ಸರಣಿ ನಿಂತೇ ಹೋಗುವ ಸ್ಥಿತಿ ಬಂದಾಗ ಎಂ4-2 ಮಾಡಿ ಅದನ್ನು ಉಳಿಸಿದ್ದು ಈ ಕೆನಡಾದವರು. ಪಾಪ, ಸಂಗ್ರಾಹಕರು ಆ ಕ್ಯಾಮೆರಾವನ್ನು ತುಂಬಾ ವರ್ಷ ಮಲತಾಯಿ ಮಗುವಿನ ಹಾಗೆ ನೋಡಿದರು. ಆದರೆ ಅದೇ ಮಿಡ್‌ಲೆಂಡ್‌ನಲ್ಲಿ ವಾಲ್ಟರ್ ಮ್ಯಾಂಡ್ಲರ್ ವಿನ್ಯಾಸ ಮಾಡಿದ ನಾಕ್ಟಿಲಕ್ಸ್ 50 ಎಂಎಂ ಎಫ್/1.0 ಲೆನ್ಸಿಗೆ ಇವತ್ತು ಲಕ್ಷಗಟ್ಟಲೆ ಬೆಲೆ. ಬಾಡಿಯ ಮೇಲೆ 'ಕೆನಡಾ' ಇದ್ದರೆ ಮೂಗು ಮುರಿಯುವುದು, ಲೆನ್ಸಿನ ಮೇಲೆ 'ಕೆನಡಾ' ಇದ್ದರೆ ಕಣ್ಣಿಗೊತ್ತಿಕೊಳ್ಳುವುದು!

ನೀವು ಲೈಕಾ ಎಂ ಕೊಳ್ಳುವವರಾದರೆ, ವೆಟ್ಜ್‌ಲರ್ ಹೆಸರಿಗೆ ದುಡ್ಡು ಕೊಡುತ್ತಿದ್ದೀರಿ ಅನ್ನೋದು ಗೊತ್ತಿರಲಿ. ಅದು ಪೂರ್ತಿ ನಷ್ಟವಲ್ಲ. ಹತ್ತು ವರ್ಷ ಬಿಟ್ಟು ಮಾರಿದರೆ ಆ ಹೆಸರಿಗೆ ಕೊಟ್ಟ ದುಡ್ಡಿನ ಒಂದು ಪಾಲು ವಾಪಸ್ ಬರುತ್ತದೆ. ಬೇರೆ ಡಿಜಿಟಲ್ ಕ್ಯಾಮೆರಾಗಳಲ್ಲಿ ಅದು ಕಷ್ಟ.

ಆದರೆ ಹೆಸರು ಒಂದು, ಒಳಗಿನದು ಇನ್ನೊಂದು ಆಗಿರುವ ಕಡೆ ಹುಷಾರು. ಲೈಕಾ ಡಿ-ಲಕ್ಸ್ 7 ಒಳಗೆ ಇರುವುದು ಪ್ಯಾನಾಸೋನಿಕ್‌ನ ಎಲ್‌ಎಕ್ಸ್100 ಮಾರ್ಕ್ 2. ಹೊರಗಿನ ರೂಪ, ಮೆನು, ಲೈಕಾದ ಗುರುತಾದ ಕೆಂಪು ಚುಕ್ಕೆ ಮಾತ್ರ ಬೇರೆ. ಇನ್ನು 2012ರಲ್ಲಿ ಹ್ಯಾಸೆಲ್‌ಬ್ಲಾಡ್ 'ಲೂನಾರ್' ಅಂತ ಒಂದು ತಂದಿತ್ತು. ಸೋನಿ ನೆಕ್ಸ್-7 ಕ್ಯಾಮೆರಾಕ್ಕೆ ಮರದ ಹಿಡಿ, ಚರ್ಮ ಹೊದಿಸಿ ಹಲವು ಪಟ್ಟು ಬೆಲೆ ಇಟ್ಟಿದ್ದರು. ತಮ್ಮ ಕ್ಯಾಮೆರಾ ಚಂದ್ರನ ಮೇಲೆ ಹೋಗಿತ್ತು ಅಂತ ಹೆಸರಿಗೂ ಚಂದ್ರನನ್ನೇ ಎಳೆದು ತಂದಿದ್ದರು. ಜನ ನಕ್ಕರು. ಕಂಪನಿಯೂ ಆಮೇಲೆ ಆ ದಾರಿ ಬಿಟ್ಟಿತು.

ಈಗ ಎದುರುಬದುರು ಇಟ್ಟು ನೋಡೋಣ

ಫ್ಯೂಜಿ ಎಕ್ಸ್100ವಿ, ಎಕ್ಸ್100ವಿಐ. ನನಗೆ ಜಾಸ್ತಿ ಜನ ಕೇಳುವುದು ಇದನ್ನೇ. 2020ರ ಎಕ್ಸ್100ವಿ ಜಪಾನಿನದು. 2024ರ ಎಕ್ಸ್100ವಿಐ ಬಂದಾಗ ಡಬ್ಬದ ಮೇಲೆ 'ಚೀನಾ' ನೋಡಿ ಎಷ್ಟೋ ಜನ ಮುಖ ಹುಳಿ ಮಾಡಿಕೊಂಡರು. ಹಳೆಯದರಲ್ಲಿ 26 ಮೆಗಾಪಿಕ್ಸೆಲ್, ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ತೂಕ 478 ಗ್ರಾಂ. ಹೊಸದರಲ್ಲಿ 40 ಮೆಗಾಪಿಕ್ಸೆಲ್, ಸ್ಟೆಬಿಲೈಸೇಶನ್ ಇದೆ, ತೂಕ 521 ಗ್ರಾಂ. ಲೆನ್ಸ್ ಎರಡರಲ್ಲೂ ಅದೇ 23 ಎಂಎಂ ಎಫ್/2. ಸಂಜೆ ದೀಪದ ಬೆಳಕಲ್ಲಿ, ದೇವಸ್ಥಾನದ ಒಳಗೆ ಟ್ರೈಪಾಡ್ ಇಲ್ಲದೆ ತೆಗೆಯುವವರಿಗೆ ಸ್ಟೆಬಿಲೈಸೇಶನ್ ನಿಜವಾದ ವ್ಯತ್ಯಾಸ. ದೇಶದ ಹೆಸರು ಅಲ್ಲ. ಹಳೆಯದು ಗಣನೀಯವಾಗಿ ಅಗ್ಗಕ್ಕೆ ಸಿಕ್ಕರೆ ತಗೊಳ್ಳಿ. 'ಜಪಾನಿನದು' ಅಂತ ಹೊಸದರ ಹತ್ತಿರ ಹತ್ತಿರ ಬೆಲೆ ಹೇಳಿದರೆ ಬೇಡ.

ಕ್ಯಾನನ್ ಆರ್5, ನಿಕಾನ್ ಜೆಡ್8 ಅಥವಾ ಸೋನಿ. ಕ್ಯಾನನ್ ತನ್ನ ದೊಡ್ಡ ಬಾಡಿಗಳನ್ನು ಜಪಾನಿನಲ್ಲೇ ಮಾಡುತ್ತದೆ. ನಿಕಾನ್ ಅಂದರೆ ಥೈಲ್ಯಾಂಡ್. ಸೋನಿ ಮೇಲೆ ಥೈಲ್ಯಾಂಡ್ ಅಥವಾ ಚೀನಾ ಇರುತ್ತದೆ. ಈ ಮೂವರಲ್ಲಿ ದೇಶ ನೋಡಿ ಆರಿಸುವುದು ಬಾಳೆಎಲೆಯ ಅಂಚು ನೋಡಿ ಊಟ ಆರಿಸಿದ ಹಾಗೆ. ನಿಮ್ಮ ಹತ್ತಿರ ಈಗಾಗಲೇ ಯಾವ ಲೆನ್ಸ್ ಇದೆ, ಗೆಳೆಯರ ಹತ್ತಿರ ಸಾಲಕ್ಕೆ ಯಾವ ಲೆನ್ಸ್ ಸಿಗುತ್ತದೆ, ಅದನ್ನು ನೋಡಿ.

'ಇಲ್ಲ, ನನಗೆ ಜಪಾನಿನದೇ ಬೇಕು' ಅನ್ನುವವರಿಗೆ ಸಿಗ್ಮಾ ಇದೆ. ಅವರದು ಒಂದೇ ಕಾರ್ಖಾನೆ, ಫುಕುಶಿಮಾ ಪ್ರಾಂತ್ಯದ ಐಜುವಿನಲ್ಲಿ. 2025ರ ಸಿಗ್ಮಾ ಬಿಎಫ್ ಬಾಡಿಯನ್ನು ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆಯಲು ಏಳು ಗಂಟೆ ಹಿಡಿಯುತ್ತದಂತೆ. ಇಂಥ ಕಡೆ ಜಾಗಕ್ಕೂ ಕೆಲಸಕ್ಕೂ ನಿಜವಾದ ನಂಟು ಇದೆ ಅಂತ ಒಪ್ಪುತ್ತೇನೆ.

ಓಎಂ ಸಿಸ್ಟಮ್‌ನ ಓಎಂ-1 ವಿಯೆಟ್ನಾಂನದು. ಮಳೆಯಲ್ಲಿ ಹಿಡಿದು ಓಡಾಡಲು ನನಗೆ ಅದಕ್ಕಿಂತ ಧೈರ್ಯ ಕೊಟ್ಟ ಕ್ಯಾಮೆರಾ ಇಲ್ಲ. ಮುಂದಕ್ಕೆ ಹೋಗೋಣ.

ಡಬ್ಬದ ಮೇಲೆ ಓದಬೇಕಾದ್ದು

ನಮ್ಮ ದೇಶದಲ್ಲಿ ಆಮದು ಮಾಡಿದ ಡಬ್ಬದ ಮೇಲೆ ಒಂದು ಬಿಳಿ ಚೀಟಿ ಇರಲೇಬೇಕು. ತಯಾರಾದ ದೇಶ, ಆಮದು ಮಾಡಿದವರ ಹೆಸರು ವಿಳಾಸ, ಎಂಆರ್‌ಪಿ, ಎಲ್ಲ ಅದರಲ್ಲಿರುತ್ತದೆ. ಎಲ್ಲರೂ ದೇಶದ ಸಾಲು ಓದುತ್ತಾರೆ. ನೀವು ಅದರ ಪಕ್ಕದ ಸಾಲು ಓದಿ. ಆಮದುದಾರ ಯಾರು? ಕಂಪನಿಯ ಭಾರತದ ಶಾಖೆಯ ಹೆಸರಿದ್ದರೆ ಇಲ್ಲಿನ ವಾರಂಟಿ ಸಿಗುತ್ತದೆ. ಚೀಟಿಯೇ ಇಲ್ಲದಿದ್ದರೆ ಅದು ಗ್ರೇ ಮಾರ್ಕೆಟ್ ಮಾಲು, ಅಂದರೆ ಕಂಪನಿಯ ಅಧಿಕೃತ ದಾರಿ ಬಿಟ್ಟು ಬಂದದ್ದು. ಕ್ಯಾಮೆರಾ ಅಸಲಿಯೇ ಇರಬಹುದು. ಆದರೆ ಕೆಟ್ಟರೆ ನಿಮ್ಮ ಪಾಡು ನಿಮ್ಮದು. ದುಬೈಯಿಂದ ಮಾವ, ಅಮೆರಿಕದಿಂದ ಅಕ್ಕ ತಂದುಕೊಡುವ ಕ್ಯಾಮೆರಾಕ್ಕೂ ಇದೇ ಮಾತು. ವಾರಂಟಿ ಕಾರ್ಡಿನಲ್ಲಿ ಯಾವ ದೇಶಕ್ಕೆ ಅನ್ವಯ ಅಂತ ಮೊದಲೇ ಓದಿಸಿಕೊಳ್ಳಿ.

ಇದು ನನ್ನ ಚರ್ಮಕ್ಕೆ ತಾಗಿದ ಪಾಠ. ಜಪಾನಿನಲ್ಲೇ ತಯಾರಾದ ಒಂದು ಜೂಮ್ ಲೆನ್ಸ್ ಇತ್ತು ನನ್ನ ಹತ್ತಿರ. ಅದರೊಳಗಿನ ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ಕೈಕೊಟ್ಟಿತು. ಒಂದು ರಿಪೇರಿ ಕೇಂದ್ರಕ್ಕೆ ಕೊಟ್ಟೆ. ಪ್ರತಿ ಸೋಮವಾರ ಫೋನ್ ಮಾಡುವುದು, "ಪಾರ್ಟ್ ಇನ್ನೂ ಬಂದಿಲ್ಲ ಸಾರ್" ಕೇಳುವುದು. ಹನ್ನೊಂದು ಸೋಮವಾರ ಹೀಗೇ ಹೋಯಿತು. ನಡುವೆ ಎರಡು ಮದುವೆ ಕೆಲಸಕ್ಕೆ ಬಾಡಿಗೆ ಲೆನ್ಸ್ ತಂದೆ. ಆಗಿನಿಂದ ಕೊಳ್ಳುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ, "ಸರ್ವಿಸ್ ಎಲ್ಲಿ?"

ಇನ್ನು ಕೆಲವರು ರಾಜಕೀಯ ಕಾರಣಕ್ಕೆ ಚೀನಾದ್ದು ಬೇಡ ಅನ್ನುತ್ತಾರೆ. ಅದು ಅವರವರ ಮನಸ್ಸು. ಆದರೆ ಬ್ಯಾಟರಿ, ಚಾರ್ಜರ್ ತಿರುಗಿಸಿಯೂ ಒಮ್ಮೆ ಓದಿ.

ಐದು ನಿಮಿಷದ ಪರೀಕ್ಷೆ

ಒಂದೇ ಕಾರ್ಖಾನೆಯಿಂದ, ಒಂದೇ ದಿನ ಬಂದ ಎರಡು ಲೆನ್ಸಿನ ನಡುವೆಯೂ ವ್ಯತ್ಯಾಸ ಇರುತ್ತದೆ. ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಇದೇ ದೊಡ್ಡದು. ಇದನ್ನು ಕಣ್ಣಾರೆ ನೋಡಬಹುದು.

ನಿಮ್ಮದೇ ಮೆಮೊರಿ ಕಾರ್ಡ್, ಒಂದು ಕನ್ನಡ ದಿನಪತ್ರಿಕೆ ತೆಗೆದುಕೊಂಡು ಹೋಗಿ. ಪತ್ರಿಕೆಯ ಪೂರ್ತಿ ಹಾಳೆಯನ್ನು ಗೋಡೆಗೆ ಅಂಟಿಸಿ. ಕ್ಯಾಮೆರಾವನ್ನು ಅದಕ್ಕೆ ನೇರ ಎದುರು ಇಡಿ. ಓರೆಯಾಗಬಾರದು. ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ತೆಗೆಯಿರಿ. ಈಗ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನಾಲ್ಕೂ ಮೂಲೆ ಓದಿ. ಎಡ ಮೂಲೆಯಲ್ಲಿ ಒತ್ತಕ್ಷರ ಸ್ಪಷ್ಟವಾಗಿದ್ದು, ಬಲ ಮೂಲೆಯಲ್ಲಿ 'ಕ್ಕ' ಯಾವುದು 'ಕ್ತ' ಯಾವುದು ಅಂತ ಗೊತ್ತಾಗದಿದ್ದರೆ ಒಳಗಿನ ಒಂದು ಗಾಜು ಓರೆಯಾಗಿ ಕೂತಿದೆ ಅಂತ ಅನುಮಾನ. ನಾಲ್ಕೂ ಮೂಲೆ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಪರವಾಗಿಲ್ಲ, ಅದು ಆ ಲೆನ್ಸಿನ ಗುಣ. ಒಂದು ಮೂಲೆ ಮಾತ್ರ ಹಾಳಾಗಿದ್ದರೆ ಆ ಪ್ರತಿಯನ್ನು ವಾಪಸ್ ಕೊಡಿ. ಇಂಗ್ಲಿಷ್ ಪೇಪರ್‌ಗಿಂತ ಕನ್ನಡ ಪೇಪರ್ ಇದಕ್ಕೆ ವಾಸಿ. ನಮ್ಮ ಒತ್ತಕ್ಷರಗಳಷ್ಟು ಸಣ್ಣ ಗೆರೆ ಅದರಲ್ಲಿ ಎಲ್ಲಿ?

ಆಮೇಲೆ ಅಪರ್ಚರ್ ಚಿಕ್ಕದು ಮಾಡಿ, ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ. ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸ್ ಕೂರುವ ಬಳೆ, ಅಂದರೆ ಮೌಂಟ್‌ನ ಸ್ಕ್ರೂ ತಲೆ ನೋಡಿ. ಗೀರು ಬಿದ್ದಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಬಾಗಿಲು ತೆರೆದು ಮುಚ್ಚಿ ನೋಡಿ. ಲೆನ್ಸಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯ ಥರ ಕಂಡರೆ ಬೂಷ್ಟು.

ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಜಪಾನಿನದರ ಶಟರ್ ಕೌಂಟ್ ಒಂದು ಲಕ್ಷದ ಹತ್ತಿರ ಇತ್ತು. ಮೌಂಟ್ ಸ್ಕ್ರೂ ಮೇಲೆ ಗೀರು ಬೇರೆ. ಥೈಲ್ಯಾಂಡಿನದು ಹತ್ತೊಂಬತ್ತು ಸಾವಿರ, ಬಿಲ್ಲೂ ಇತ್ತು. ಅದನ್ನೇ ತಗೊಂಡ. ಉಳಿದ ಆರು ಸಾವಿರದಲ್ಲಿ ಗಾಳಿಯಾಡದ ದೊಡ್ಡ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರ್ ತರಿಸಿದ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಯಾವ ದೇಶದ ಲೆನ್ಸನ್ನೂ ಬಿಡುವುದಿಲ್ಲವಲ್ಲ.

ಜುಲೈ ನಡುವೆ ಒಂದು ರಾತ್ರಿ ಮತ್ತೆ ಫೋನ್. ಹಂಚಿನ ಮೇಲೆ ಮಳೆ ಸದ್ದು ನನಗೂ ಕೇಳುತ್ತಿತ್ತು. "ಹೊರಗೆ ತೊಂಬತ್ತೆರಡು, ಡಬ್ಬದೊಳಗೆ ನಲವತ್ತೈದು ತೋರಿಸ್ತಿದೆ ಮಾರಾಯ" ಅಂದ.